ಶಾಮೊನಿಯೋ, ಲಾ ಗ್ರಾವೋ, ಆರೊಲ್ಲವೋ?

ಆಲ್ಪ್ಸ್‌ನಲ್ಲಿ ಸ್ಕೀ ಕಟ್ಟಿ ಹಿಮದ ಮೇಲೆ ಜಾರಲೆಂದು ಯಂತ್ರ ಓಡಿಸಿ ಹದಮಾಡಿದ, ಅಂಚಿಗೆ ಕಂಬ ನೆಟ್ಟ ಇಳಿಜಾರಿಗೆ ಪಿಸ್ಟ್ ಎನ್ನುತ್ತಾರೆ. ಅದನ್ನು ದಾಟಿ ಹೊರಗೆ ಹೋದರೆ ಆಫ್-ಪಿಸ್ಟ್. ಅಲ್ಲಿ ಬಿರುಕು ಎಲ್ಲಿದೆ, ಯಾವ ಹಿಮ ಕುಸಿಯಬಹುದು ಎಂಬುದನ್ನು ನಾವೇ ನೋಡಿಕೊಳ್ಳಬೇಕು. ಪಿಸ್ಟ್‌ನಲ್ಲಿ ಕಾಲು ಪಳಗಿದ ಮೇಲೆ ಮುಂದೆ ಎಲ್ಲಿಗೆ ಹೋಗುವುದೆಂದು ಯೂರೋಪಿನಲ್ಲಿ ಕೆಲಸಕ್ಕಿರುವ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ನಾನು ಗೈಡ್‌ಗಳ ಜೊತೆ ಇಳಿದು ನೋಡಿದ ಮೂರು ಜಾಗಗಳನ್ನು ಇಲ್ಲಿ ಎದುರುಬದುರು ಇಡುತ್ತಿದ್ದೇನೆ: ಫ್ರಾನ್ಸಿನ ಶಾಮೊನಿಯ ವಾಲೆ ಬ್ಲಾಂಶ್, ಅದೇ ದೇಶದ ಲಾ ಗ್ರಾವ್, ಸ್ವಿಟ್ಜರ್ಲೆಂಡಿನ ಆರೊಲ್ಲ. ಮೊದಲ ಎರಡಕ್ಕೆ ಕೇಬಲ್ ಕಾರ್ ಇದೆ, ಹೆಸರೂ ಇದೆ. ಮೂರನೆಯದರಲ್ಲಿ ಏರುವುದಕ್ಕೆ ಬಹುಮಟ್ಟಿಗೆ ನಮ್ಮ ಕಾಲೇ ಗತಿ. ಆದರೂ ನನ್ನ ಮತ ಆರೊಲ್ಲಕ್ಕೆ.

ಶಾಮೊನಿ ಪಟ್ಟಣ ಇರುವುದು 1035 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟು. ಅಲ್ಲಿಂದ 1955ರಲ್ಲಿ ಶುರುವಾದ ಕೇಬಲ್ ಕಾರ್ ಅರ್ಧ ಗಂಟೆಯೊಳಗೆ 3842 ಮೀಟರಿನ ಎಗ್ವಿಲ್ ದು ಮಿಡಿಗೆ ಒಯ್ಯುತ್ತದೆ. ದೇಹ ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಮೇಲೆ ಇಳಿದ ಕೂಡಲೇ ತಲೆ ಭಾರವಾಗುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆ ಸ್ಥಿತಿಯಲ್ಲೇ ಹಿಮದ ಸುರಂಗ ದಾಟಿ, ಬೂಟಿಗೆ ಕ್ರಾಂಪಾನ್ ಎಂಬ ಉಕ್ಕಿನ ಮುಳ್ಳುಗಳನ್ನು ಕಟ್ಟಿ, ಸ್ಕೀಗಳನ್ನು ಬೆನ್ನಿಗೇರಿಸಿ, ಗೈಡ್‌ನ ಹಗ್ಗಕ್ಕೆ ಸೇರಿಕೊಂಡು ಬೆಟ್ಟದ ಕಿರಿದಾದ ಅಂಚಿನ ಮೇಲೆ ಇಳಿಯಬೇಕು. ಎಡಕ್ಕೆ ನೋಡಿದರೆ ಶಾಮೊನಿ ಕಣಿವೆ ಪಾತಾಳದಲ್ಲಿದೆ. ಇಡೀ ದಿನದಲ್ಲಿ ಹೆಚ್ಚು ಭಯ ಹುಟ್ಟಿಸುವ ಭಾಗ ಇದೇ, ಸ್ಕೀ ಅಲ್ಲ.

ಮುಂದಿನ ಸುಮಾರು 20 ಕಿಲೋಮೀಟರ್ ಹಿಮನದಿಯ ಇಳಿತವೇ ವಾಲೆ ಬ್ಲಾಂಶ್, ಅದು ಬಹುತೇಕ ಸೌಮ್ಯ. ಪಿಸ್ಟ್‌ನಲ್ಲಿ ಕೆಂಪು ಗುರುತಿನ, ಅಂದರೆ ಮಧ್ಯಮ ಕಷ್ಟದ ಇಳಿಜಾರನ್ನು ಯಾವುದೇ ಹಿಮದಲ್ಲಿ ನಿಭಾಯಿಸಬಲ್ಲವರಿಗೆ ಸಾಕು. ಇಲ್ಲಿನ ಅಪಾಯ ಕಾಲಡಿಯಲ್ಲಿ ಅಡಗಿರುತ್ತದೆ. ಹಿಮನದಿಯ ಬಿರುಕುಗಳ ಮೇಲೆ ಹೊಸ ಹಿಮ ಸೇತುವೆಯಂತೆ ಹಾಸಿಕೊಂಡು ಬಾಯಿ ಮುಚ್ಚಿರುತ್ತದೆ. ನಿಂತಲ್ಲಿ ಅದು ಕುಸಿಯಬಹುದು. ಜೆಯಾಂ ಹಿಮನದಿ ಮುರಿದು ಮಂಜುಗಡ್ಡೆಯ ಗೋಪುರಗಳಾಗಿ ನಿಂತ ಜಾಗದಲ್ಲಿ ಗೈಡ್‌ನ ಗೆರೆ ಬಿಟ್ಟು ಒಂದು ಸ್ಕೀಯಷ್ಟು ದೂರವೂ ಸರಿಯಬಾರದು. ಕೊನೆಯಲ್ಲಿ ಮೆರ್ ದ ಗ್ಲಾಸ್. ಈ ಹಿಮನದಿ ಎಷ್ಟು ಕರಗಿ ಕುಗ್ಗಿದೆಯೆಂದರೆ, ಮೊಂತಾನ್ವೇರ್ ರೈಲು ನಿಲ್ದಾಣಕ್ಕೆ ಮರಳಲು ನೂರಾರು ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಅದಕ್ಕಾಗಿ 2024ರಲ್ಲಿ ಹಿಮನದಿಯ ಇನ್ನೂ ಮೇಲ್ಭಾಗದಿಂದ ಹೊಸ ಗೊಂಡೊಲಾ ಹಾಕಿದರು. ನೋಟಕ್ಕೆ ವಾಲೆ ಬ್ಲಾಂಶ್‌ಗೆ ಸಾಟಿಯಿಲ್ಲ. ಆದರೆ ಫೆಬ್ರವರಿಯ ಬಿಸಿಲಿನ ದಿನ ಸಾಲುಗಟ್ಟಿ ಇಳಿಯುವ ಜನರ ಗೆರೆ ಹಿಡಿದು ಸಾಗುವಾಗ ಹಿಮದ ಬಗ್ಗೆ ಕಲಿಯುವುದು ಕಡಿಮೆಯೇ.

ಲಾ ಗ್ರಾವ್‌ನ ಸ್ವಭಾವ ಪೂರ್ತಿ ಬೇರೆ. 3983 ಮೀಟರಿನ ಮೇಜ್ ಶಿಖರದ ಬುಡದಲ್ಲಿ ಕಲ್ಲಿನ ಮನೆಗಳ ಸಣ್ಣ ಹಳ್ಳಿ, ಅಲ್ಲಿಂದ 3200 ಮೀಟರಿಗೆ ಏರುವ ಹಳೆಯ ಕೇಬಲ್ ಕಾರ್; ಅದರ ಪುಟ್ಟ ಡಬ್ಬಿಗಳು ಒಂದರ ಹಿಂದೊಂದು ಗುಂಪಾಗಿ ನಿಧಾನಕ್ಕೆ ಹೋಗುತ್ತವೆ. ಮೇಲೆ ಇಳಿದರೆ ಹಳ್ಳಿಯವರೆಗೂ ಹದಮಾಡಿದ ಇಳಿಜಾರಿಲ್ಲ. ವಾಲೋಂ, ಶಾನ್ಸೆಲ್ ಎಂಬ ಎರಡು ರೂಢಿಯ ದಾರಿಗಳಿವೆ, ಅಷ್ಟೇ. ಉತ್ತರಕ್ಕೆ ಮುಖಮಾಡಿದ ಬೆಟ್ಟವಾದ್ದರಿಂದ ಹಿಮ ಬಹಳ ದಿನ ಪುಡಿಯಾಗಿಯೇ ಉಳಿಯುತ್ತದೆ. ಮೊಣಕಾಲಿನವರೆಗಿನ ಆ ಪುಡಿಯಲ್ಲಿ ತಿರುವು ತೆಗೆದುಕೊಂಡು ಇಳಿಯುವ ಸುಖವನ್ನು ಬೇರೆಲ್ಲೂ ಅಷ್ಟು ಉದ್ದಕ್ಕೆ ನಾನು ಪಡೆದಿಲ್ಲ. ಸ್ಕೀ ಒಂದನ್ನೇ ತೂಗಿದರೆ ಮೂರರಲ್ಲಿ ಲಾ ಗ್ರಾವ್ ಗೆಲ್ಲುತ್ತದೆ.

ನನ್ನ ಅಳುಕು ಬೇರೆಡೆ. ಅಲ್ಲಿ ದಾರಿ ತಪ್ಪಿದರೆ ಇಳಿಜಾರು ಕಡಿದಾಗುತ್ತ ಹೋಗಿ ಬಂಡೆಯ ಅಂಚಿಗೆ ಮುಗಿಯುತ್ತದೆ. ಹಿಂದಿನವರ ಗೆರೆ ಕಂಡಿತೆಂದು ಹಿಂಬಾಲಿಸುವಂತಿಲ್ಲ. ಆ ಗೆರೆ ಹಗ್ಗ ಹಾಕಿ ಇಳಿಯುವವರದ್ದಾಗಿರಬಹುದು. ಕಡಿದಾದ ಇಳಿಜಾರಿನ ಸ್ಕೀಯಲ್ಲಿ ಜಗತ್ತಿಗೇ ಹೆಸರಾದ, ಆ ಬೆಟ್ಟವನ್ನು ಚೆನ್ನಾಗಿ ಬಲ್ಲ ಡಗ್ ಕೂಂಬ್ಸ್ 2006ರ ಏಪ್ರಿಲ್‌ನಲ್ಲಿ ಇಲ್ಲೇ, ಬಿದ್ದ ಜೊತೆಗಾರನ ನೆರವಿಗೆ ಹೋಗುವಾಗ ಜಾರಿ ಸತ್ತರು. ಕೇಬಲ್ ಕಾರ್ ನಮ್ಮನ್ನು ಮೇಲಕ್ಕೆ ಒಯ್ದು ಬಿಡುತ್ತದೆ. ಕೆಳಗಿನ 1700 ಮೀಟರ್ ಹಿಮದ ಸ್ಥಿತಿಯನ್ನು ಮುಟ್ಟಿ ನೋಡುವ ಅವಕಾಶ ಇಳಿಯತೊಡಗುವ ಮೊದಲು ಸಿಗುವುದೇ ಇಲ್ಲ.

ಆರೊಲ್ಲದಲ್ಲಿ ಆ ಅವಕಾಶವೇ ದಿನದ ಮುಖ್ಯ ಕೆಲಸ. ಈ ಹಳ್ಳಿ ಇರುವುದೇ ಸುಮಾರು 2000 ಮೀಟರಿನಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿ. ಸ್ಕೀಯ ಅಡಿಗೆ ಸ್ಕಿನ್ ಎಂಬ ರೋಮದ ಪಟ್ಟಿ ಅಂಟಿಸುತ್ತೇವೆ. ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರದಂತೆ ಹಿಡಿಯುತ್ತದೆ. ಹಿಮ್ಮಡಿ ಬಿಡಿಸಿಕೊಂಡು ಗಂಟೆಗೆ ಮುನ್ನೂರು, ನಾನೂರು ಮೀಟರ್ ಏರುವುದು. ಈ ನಿಧಾನದಲ್ಲಿ ಹಿಮ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ಸ್ಕೀ ಊರಿದಾಗ ಪದರ ಧೊಪ್ಪೆಂದು ಕೂತ ಸದ್ದು ಬಂತೇ? ಸ್ಕೀಯ ಮುಂದೆ ಸೀಳು ಓಡಿತೇ? ಗಾಳಿ ಯಾವ ಮಗ್ಗುಲಿಂದ ಹಿಮ ಎತ್ತಿ ಯಾವ ಮಗ್ಗುಲಿಗೆ ಸುರಿದಿದೆ? ದಾವೋಸ್‌ನಲ್ಲಿರುವ ಸ್ವಿಸ್ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಸಂಜೆ ಐದಕ್ಕೂ ಬೆಳಿಗ್ಗೆ ಎಂಟಕ್ಕೂ ಹಿಮಕುಸಿತದ ವರದಿ ಕೊಡುತ್ತದೆ. ಅಪಾಯವನ್ನು 1ರಿಂದ 5ರವರೆಗೆ ಅಳೆಯುವ ಅದರ ಅಂಕಿ 3 ಎಂದರೆ ನಿಜಕ್ಕೂ ಏನು ಎಂಬುದು ನನಗೆ ಅರ್ಥವಾದದ್ದು ಈ ಏರಿನಲ್ಲಿ, 30 ಡಿಗ್ರಿಗಿಂತ ಕಡಿದಾದ ಪ್ರತಿ ಇಳಿಜಾರಿನ ಮುಂದೆ ನಿಂತು ಗೈಡ್ ಜೊತೆ ಮಾತಾಡುವಾಗ.

ನಾನು ಹೇಳುವ ಸುತ್ತು ಮೂರು ದಿನದ್ದು. ಮೊದಲ ದಿನ ಪಾ ದ ಶೆವ್ರ್ ಎಂಬ ಕಣಿವೆಬಾಯಿಯ ಕಬ್ಬಿಣದ ಏಣಿ ಇಳಿದು, ಹಿಮನದಿ ದಾಟಿ 2928 ಮೀಟರಿನ ಡಿಸ್ ಹಟ್ (ಹಟ್ ಎಂದರೆ ಬೆಟ್ಟದ ಮೇಲೆ ರಾತ್ರಿ ತಂಗುವ ಮನೆ). ಎರಡನೆಯ ದಿನ ಬೆಳಕು ಹರಿಯುವ ಮುನ್ನ ಹೊರಟು, ಸರ್ಪಾಂತೀನ್ ಎಂಬ ಕಡಿದಾದ ಗೋಡೆ ಏರಿ, ಸುಮಾರು 3790 ಮೀಟರಿನ ಪಿಗ್ನ್ ದಾರೊಲ್ಲ ಶಿಖರ. ಅಲ್ಲಿಂದ ಇಳಿದರೆ ವಿನ್ಯೆಟ್ ಹಟ್. ಮೂರನೆಯ ದಿನ ಆರೊಲ್ಲಕ್ಕೆ ಮರಳುವುದು. ಏರಿಗೆ ಹೋದ ಗಂಟೆಗಳಿಗೆ ಹೋಲಿಸಿದರೆ ಇಳಿತ ತೀರ ಚಿಕ್ಕದು. ತಿರುವುಗಳನ್ನೇ ಬಯಸಿ ಬಂದವರಿಗೆ ಇದು ನಿರಾಸೆ ತರಬಹುದು. ಹಟ್‌ನಲ್ಲಿ ಸಾಲಾಗಿ ಮಲಗಬೇಕು, ಸ್ನಾನದ ಮಾತಿಲ್ಲ. ಆದರೆ ಸಂಜೆ ಬಿಸಿ ಸೂಪ್ ಹೊಟ್ಟೆ ತುಂಬ ಸಿಗುತ್ತದೆ.

ಸಾಮಾನು ಮೂರಕ್ಕೂ ಬಹುಪಾಲು ಒಂದೇ: ಮೈಮೇಲೆ ಹೂತವರನ್ನು ಸಂಕೇತದಿಂದ ಹುಡುಕುವ ಟ್ರಾನ್ಸೀವರ್, ಚೀಲದಲ್ಲಿ ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು (ಪ್ರೋಬ್) ಮತ್ತು ಸಲಿಕೆ, ಹಿಮನದಿಗೆ ಹಗ್ಗ ಸಿಕ್ಕಿಸುವ ಸೊಂಟಪಟ್ಟಿ (ಹಾರ್ನೆಸ್). ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು, ಹದಿನೈದು ನಿಮಿಷದ ಬಳಿಕ ಸರ್ರನೆ ಕುಸಿಯುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ತಲುಪುವುದು ಅಪರೂಪ, ಅಗೆಯಬೇಕಾದವರು ಜೊತೆಗಾರರೇ. ಹುಡುಕುವ ಅಭ್ಯಾಸವಿಲ್ಲದವರ ಜೊತೆ ಈ ಮೂರರಲ್ಲಿ ಯಾವುದಕ್ಕೂ ನಾನು ಹೋಗುವುದಿಲ್ಲ.

ಒಂದೇ ದಿನ ರಜೆ ಇದ್ದು, ಉನ್ನತ ಆಲ್ಪ್ಸ್ ಒಳಹೊಕ್ಕು ನೋಡಬೇಕೆಂದರೆ ಶಾಮೊನಿ. ಕಡಿದಾದ ಆಳ ಹಿಮದಲ್ಲಿ ಈಗಾಗಲೇ ನಿರಾಯಾಸವಾಗಿ ಇಳಿಯುವವರಿಗೆ ಜನವರಿಯಿಂದ ಮಾರ್ಚ್‌ವರೆಗೆ ಲಾ ಗ್ರಾವ್. ಉಳಿದವರಿಗೆ ಏಪ್ರಿಲ್‌ನ ಆರೊಲ್ಲ. ಆಗ ಹಗಲು ಉದ್ದ, ಹಟ್‌ಗಳಲ್ಲಿ ಅಡುಗೆಯವರಿರುತ್ತಾರೆ. ಆದರೆ ಹವಾಮಾನದ ಜೊತೆ ಹಟ ಬೇಡ. 2018ರ ಏಪ್ರಿಲ್ ಕೊನೆಯಲ್ಲಿ ಇದೇ ಪಿಗ್ನ್ ದಾರೊಲ್ಲ ಬಳಿ ಬಿರುಗಾಳಿಗೆ ಸಿಕ್ಕ ಗುಂಪು ರಾತ್ರಿಯಿಡೀ ಬಯಲಲ್ಲಿ ಕಳೆಯಿತು. ಏಳು ಜನ ಸತ್ತರು, ವಿನ್ಯೆಟ್ ಹಟ್ ಅಲ್ಲಿಂದ ದೂರವಿರಲಿಲ್ಲ. ಡಿಸ್ ಹಟ್‌ನಲ್ಲಿ ಸಂಜೆಯ ಮುನ್ಸೂಚನೆ ಕೆಟ್ಟದ್ದಾಗಿದ್ದರೆ ಬಂದ ಏಣಿ ಹತ್ತಿಯೇ ಆರೊಲ್ಲಕ್ಕೆ ಹಿಂತಿರುಗಿ. ಹಾಸಿಗೆ ಕಾಯ್ದಿರಿಸುವಾಗ ಇದಕ್ಕಾಗಿಯೇ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.