ಕೊಡಚಾದ್ರಿಯೋ ಕುದುರೆಮುಖವೋ: ಒಂದು ದಿನದ ಚಾರಣಕ್ಕೆ ಯಾವುದು ಕಷ್ಟ?

ಎತ್ತರದ ಅಂಕಿ ನೋಡಿ ಚಾರಣ ಆರಿಸಿಕೊಳ್ಳುವವರು ಮಲೆನಾಡಿನಲ್ಲಿ ಲೆಕ್ಕ ತಪ್ಪುತ್ತಾರೆ. ಕೊಡಚಾದ್ರಿ 1343 ಮೀಟರ್, ಕುದುರೆಮುಖ 1894 ಮೀಟರ್. ಎರಡನ್ನೂ ನಡೆದು ನೋಡಿದರೆ, ಕೈಕಾಲು ನಾಲ್ಕಕ್ಕೂ ಕೆಲಸ ಕೊಡುವುದು ಕೊಡಚಾದ್ರಿಯೇ. ಷರತ್ತು ಒಂದೇ, ಜೀಪ್ ರಸ್ತೆ ಬಿಟ್ಟು ಹಿಡ್ಲುಮನೆ ಜಲಪಾತದ ದಾರಿ ಹಿಡಿಯಬೇಕು.

ಹೊಸನಗರ ತಾಲೂಕಿನ ನಿಟ್ಟೂರಿನ ಕಡೆಯಿಂದ ಹೊರಡುವ ಈ ದಾರಿ ಹೋಗಿ ಬರಲು ಸುಮಾರು 14 ಕಿ.ಮೀ. ಮೊದಲು ಕಾಡಂಚಿನ ಸಲೀಸು ನಡಿಗೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರಿನ ಪಕ್ಕದಲ್ಲೇ ಬೇರು, ಬಂಡೆ ಹಿಡಿದು ಹತ್ತಬೇಕು. ಜಾರುವುದು ಇಲ್ಲೇ. ನೀರು ಹರಿಯುವ ಬಂಡೆಗಿಂತ ನೀರು ಆಗತಾನೆ ಸರಿದ ಕಪ್ಪು ಬಂಡೆ ಹೆಚ್ಚು ಅಪಾಯ, ಏಕೆಂದರೆ ಪಾಚಿ ಕಣ್ಣಿಗೆ ಬೀಳುವುದಿಲ್ಲ. ಗಟ್ಟಿ ಅಟ್ಟೆಯ ಟ್ರೆಕ್ಕಿಂಗ್ ಬೂಟು ಇಲ್ಲಿ ಹಿಡಿತ ಕೊಡುವುದಿಲ್ಲ, ಮೆತ್ತನೆ ರಬ್ಬರ್ ಅಟ್ಟೆಯದೇ ವಾಸಿ. ಹಿಡಿಯುವ ಬೇರನ್ನು ಒಮ್ಮೆ ಜಗ್ಗಿ ನೋಡಿ, ಆಮೇಲೆ ಭಾರ ಹಾಕಿ. ಮಳೆಗಾಲದ ನಡುವೆ ಈ ದಾರಿಯ ಹಟ ಬೇಡ.

ಜಲಪಾತ ದಾಟಿದ ಮೇಲೆ ಕಾಡು ತೆಳುವಾಗಿ ಹುಲ್ಲುಗಾವಲು, ಕೊನೆಗೆ ಜೀಪ್ ರಸ್ತೆ ಸಿಗುತ್ತದೆ. ಮೂಲ ಮೂಕಾಂಬಿಕೆಯ ಗುಡಿ ಬಂತೆಂದು ಕುಳಿತುಬಿಡಬೇಡಿ. ತುದಿಯಲ್ಲಿರುವ ಕಲ್ಲಿನ ಪುಟ್ಟ ಗುಡಿ ಸರ್ವಜ್ಞ ಪೀಠಕ್ಕೆ ಇನ್ನೂ ಒಂದು ಕಡಿದಾದ ಏರು ಬಾಕಿ ಇರುತ್ತದೆ. ಇಳಿಯುವಾಗ ಮಾತ್ರ ಜಲಪಾತದ ದಾರಿ ಬಿಟ್ಟು ಜೀಪ್ ರಸ್ತೆಯಲ್ಲೇ ಬನ್ನಿ. ಹತ್ತುವಾಗ ಕಣ್ಣೆದುರಿಗೇ ಇರುವ ಹಿಡಿ ಇಳಿಯುವಾಗ ಕಾಲ ಕೆಳಗೆ ಮರೆಯಾಗುತ್ತದೆ, ಮೊಣಕಾಲೂ ಅಷ್ಟರಲ್ಲಿ ಸೋತಿರುತ್ತದೆ. ಮೇಲೆ ಯಾರಿಗಾದರೂ ಕಾಲು ಉಳುಕಿದರೆ ಜೀಪ್ ಸಿಗುತ್ತದೆ ಎಂಬುದೇ ಕೊಡಚಾದ್ರಿಯ ದೊಡ್ಡ ಅನುಕೂಲ.

ಕುದುರೆಮುಖದಲ್ಲಿ ಆ ಅನುಕೂಲ ಇಲ್ಲ. ಕಳಸದ ಹತ್ತಿರದ ಸಂಸೆ, ಬಾಳೆಗಲ್ಲಿನಿಂದ ಮುಳ್ಳೋಡಿಗೆ ಜೀಪಿನಲ್ಲಿ ಹೋದರೆ, ಅಲ್ಲಿಂದ ಹೋಗಿ ಬರಲು ಸುಮಾರು 20 ಕಿ.ಮೀ. ಪೂರ್ತಿ ಕಾಲ ಮೇಲೆಯೇ. ಕೈ ಊರಿ ಹತ್ತುವ ಜಾಗ ಕಡಿಮೆ. ಶೋಲಾ ಕಾಡು (ಗುಡ್ಡದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಗಿಡ್ಡ ಕಾಡು), ತೊರೆ, ಬೋಳು ಹುಲ್ಲುಗುಡ್ಡ ಒಂದರ ಹಿಂದೊಂದು ಬರುತ್ತವೆ. ಸೋಲಿಸುವುದು ಬಿಸಿಲು ಮತ್ತು ದೂರ. ದಾರಿಯಲ್ಲಿ ಸಿಗುವ ಒಂಟಿಮರ ಎಂಬ ಜಾಗ ದಾಟಿದ ಮೇಲೆ ನೆರಳು ಅಪರೂಪ. ಒಬ್ಬರಿಗೆ ಮೂರು ಲೀಟರ್ ನೀರು, ಉಪ್ಪು ಹಾಕಿದ ನಿಂಬೆ ಪಾನಕ, ತಲೆಗೆ ಟೋಪಿ ಬೇಕೇ ಬೇಕು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದಲೇ ಹಿಂತಿರುಗಿ. ಮಂಜು ಮುಚ್ಚಿದರೆ ಹುಲ್ಲಿನಲ್ಲಿ ಕಾಲುದಾರಿ ನಾಲ್ಕಾಗಿ ಕಾಣುತ್ತದೆ. ಇದು ರಾಷ್ಟ್ರೀಯ ಉದ್ಯಾನ, ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ವಾರಾಂತ್ಯದ ಜಾಗ ಬೇಗ ತುಂಬುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದೂ ಉಂಟು.

ಶೃಂಗೇರಿ ಹತ್ತಿರದ ಕಿಗ್ಗದ ಕಡೆಯಿಂದ ಹತ್ತುವ ನರಸಿಂಹ ಪರ್ವತ ಇವೆರಡಕ್ಕಿಂತ ಹಗುರ. ಕಾಡಿನ ನೆರಳು ಬೇಕು, ಜನಜಂಗುಳಿ ಬೇಡ ಎನ್ನುವವರಿಗೆ ಮೊದಲು ಅದನ್ನೇ ಹೇಳುತ್ತೇವೆ.

ಕಚ್ಚುವ ಜೀವಿಗಳ ವಿಷಯದಲ್ಲಿ ಮೂರೂ ಒಂದೇ. ಮಳೆಗಾಲದಲ್ಲಿ ಇಂಬಳ. ಕಾಲುಚೀಲದೊಳಗೆ ಪ್ಯಾಂಟು ಸೇರಿಸಿ, ಮೇಲೆ ನಶ್ಯದ ಪುಡಿ ಉಜ್ಜಿ. ಒದ್ದೆಯಾದಾಗ ಅದು ತೊಳೆದುಹೋಗುವುದರಿಂದ ಪ್ರತಿ ತೊರೆ ದಾಟಿದ ಮೇಲೂ ಮತ್ತೆ ಹಚ್ಚಿ. ಕಚ್ಚಿದ್ದನ್ನು ಎಳೆಯದೆ, ಬಾಯಿಯ ಬದಿಗೆ ಉಗುರು ತೂರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುವುದು ಸಹಜ.

ಇಂಬಳಕ್ಕಿಂತ ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಎಂಬ ವೈರಸ್ ಜ್ವರ ಮುಖ್ಯವಾಗಿ ಉಣುಗಿನ ಕಡಿತದಿಂದ ಬರುತ್ತದೆ, ಡಿಸೆಂಬರಿನಿಂದ ಮೇ ತನಕ ಹೆಚ್ಚು. ಕಷ್ಟವೆಂದರೆ, ಚಾರಣಕ್ಕೆ ಹಿತವಾದ ಹವೆಯೂ ಅದೇ ತಿಂಗಳುಗಳಲ್ಲಿ ಇರುತ್ತದೆ. ಹೊರಡುವ ಮುನ್ನ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಒಣಗೆಲೆಯ ಮೇಲೆ ಕೂರಬೇಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಸುಳಿಯದೆ ಹಿಂದಕ್ಕೆ ಬಂದು ಅರಣ್ಯ ಸಿಬ್ಬಂದಿಗೆ ತಿಳಿಸಿ. ಮನೆಗೆ ಬಂದವರು ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಕಂಕುಳು, ಮೊಣಕಾಲ ಹಿಂದೆ, ಕಿವಿಯ ಹಿಂದೆ ಹುಡುಕಿ ನೋಡಿ. ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.