ಮನೆ ಹತ್ತಿರವೇ ಕಾರಿಗೆ ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಹಾಕಿಸೋರು ಇದನ್ನ ಓದಿ: ನಾನು ಕುರಿಯಾದ ಕಥೆ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹಿಂದುಮುಂದಾದರೆ ನೀವೇ ಹೊಂದಿಸಿಕೊಂಡು ಓದಿ. ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ. ಅದಕ್ಕೇ ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ನಿನ್ನೆ ನಮ್ಮ ಬೀದಿಯ ಕೊನೆ ಮನೆಯವರು ಬಂದು, "ನಿಮ್ಮ ಗಾಡಿಗೆ ಬೆಲ್ಟ್ ಹಾಕಿದನಲ್ಲ, ಆ ಹುಡುಗನ ನಂಬರ್ ಕೊಡಿ ಸರ್" ಅಂದರು. ಅವರಿಗೆ ಅವನ ಬಗ್ಗೆ ಹೇಳಿದ್ದೇ ನಾನು. ಇನ್ನು ಸುಮ್ಮನಿದ್ದರೆ ತಪ್ಪಾಗುತ್ತದೆ ಅನ್ನಿಸಿತು.

ನಮ್ಮದು ಮೈಸೂರು. ಗಾಡಿ 2013ರ ರೆನೋ ಡಸ್ಟರ್, 1.5 ಡೀಸೆಲ್, 85 ಪಿಎಸ್. ಡೀಸೆಲ್ ಟೆರಾನೋ, ಲಾಡ್ಜಿ, ಸನ್ನಿ ಇಟ್ಟುಕೊಂಡವರೂ ಓದಿ, ಎಲ್ಲದಕ್ಕೂ ಅದೇ ಇಂಜಿನ್. ನಾನು ಎರಡನೇ ಓನರ್. ಮೀಟರ್‌ನಲ್ಲಿ 1,04,000 ಚಿಲ್ಲರೆ. ಬೆಲ್ಟ್ ಯಾವತ್ತಾದರೂ ಬದಲಾಯಿಸಿದ್ದರಾ ಅಂತ ಮೊದಲ ಓನರ್‌ನ ಕೇಳಿದರೆ, "ಸರ್ವಿಸ್ ಎಲ್ಲಾ ಕರೆಕ್ಟಾಗಿ ಮಾಡಿಸಿದೀನಿ" ಅಂತಷ್ಟೇ ಉತ್ತರ. ಪಿಸ್ಟನ್ನು, ವಾಲ್ವು ಒಂದೇ ತಾಳಕ್ಕೆ ಓಡುವ ಹಾಗೆ ನೋಡಿಕೊಳ್ಳೋದು ಈ ಇಂಜಿನ್‌ನಲ್ಲಿ ಟೈಮಿಂಗ್ ಚೈನ್ ಅಲ್ಲ, ಬೆಲ್ಟು. ಓಡುವಾಗ ಹರಿದರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತದೆ, ಆಮೇಲೆ ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್, ಇಳಿಸಲೇಬೇಕು. ಇಂಜಿನ್ ತಣ್ಣಗಿಡೋ ಕೂಲೆಂಟ್ ನೀರನ್ನು ಸುತ್ತಿಸುವ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಹಾಗಾಗಿ ಬಿಚ್ಚಿದ ಮೇಲೆ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯೋ ಟೆನ್ಷನರ್, ಪಂಪ್ ಮೂರೂ ಒಟ್ಟಿಗೇ ಹಾಕಿಸಬೇಕು. ಇದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಅದೇ ನೋಡಿ ಹೊಟ್ಟೆ ಉರಿಯೋದು.

ಮೊದಲು ನಾನೇ ಮಾಡೋಣ ಅಂತಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು ನಾನು. ಈಗ ಮಾಡೋದು ಇನ್ಶೂರೆನ್ಸ್ ಕೆಲಸ, ಆದರೂ ಸ್ಪ್ಯಾನರ್ ಹಿಡಿಯೋದು ಮರೆತಿಲ್ಲ. ಎರಡು ವಾರ ರಾತ್ರಿ ಕೂತು ವಿಡಿಯೋ ನೋಡಿದೆ. ವಾಲ್ವ್ ತೆರೆಯೋ ಕ್ಯಾಮ್‌ನ ಪುಲ್ಲಿಗೆ 8 ಎಂಎಂ ಪಿನ್ ಹಾಕಿ ಲಾಕ್ ಮಾಡಬೇಕು. ಇಂಜಿನ್ ಬ್ಲಾಕ್‌ನ ಪಕ್ಕದ ಪ್ಲಗ್ ತೆಗೆದು, ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್‌ಗೆ ಇನ್ನೊಂದು ಪಿನ್ ತಿರುಗಿಸಬೇಕು. ಆ ಪಿನ್ ಕ್ರ್ಯಾಂಕ್ ಸರಿಯಾದ ಜಾಗದಲ್ಲಿದೆಯಾ ಅಂತ ನೋಡೋಕೆ ಮಾತ್ರ. ಅದರ ಮೇಲೆ ಭಾರ ಬಿಟ್ಟು ಕ್ರ್ಯಾಂಕ್ ಬೋಲ್ಟ್ ಬಿಚ್ಚೋಕೆ ಹೋದರೆ ಕೆಟ್ಟಿತು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಬೆಲ್ಟ್ ಒಂದು ಹಲ್ಲು ಆಚೀಚೆ ಕೂತರೆ ಗತಿ ಏನು?

ಡೀಲರ್ ಹತ್ತಿರ ಕೇಳಿದೆ, 21,000 ಅಂದರು. ಅಷ್ಟರಲ್ಲಿ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪ್‌ನಲ್ಲಿ ಇವನ ಪೋಸ್ಟ್ ಬಂತು. ಮನೆ ಬಾಗಿಲಿಗೆ ಬಂದು ಕಾರ್ ರಿಪೇರಿ, ನಿಮ್ಮ ಕಣ್ಣೆದುರೇ ಕೆಲಸ, ಹಳೇ ಪಾರ್ಟ್ಸ್ ನಿಮ್ಮ ಕೈಗೇ ವಾಪಸ್. ಫೋನ್ ಮಾಡಿದರೆ ಮಾತು ಬೆಣ್ಣೆ. "ಸರ್, ಕಂಪನಿ ಸರ್ವಿಸ್‌ನಲ್ಲೇ ಆರು ವರ್ಷ ಇದ್ದೆ. ಡಸ್ಟರ್ ಬೆಲ್ಟ್ ಕಣ್ಣು ಮುಚ್ಕೊಂಡು ಹಾಕ್ತೀನಿ." ಎಲ್ಲಾ ಸೇರಿ 13,500. ಕೂಲೆಂಟ್ ಬೇರೆ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಸ್ಕೂಟರ್‌ನಲ್ಲಿ ಬಂದ. ಕಿಟ್ ಬಾಕ್ಸ್ ತೆಗೆದು ಬೆಲ್ಟ್, ಟೆನ್ಷನರ್, ಪಂಪ್ ಮೂರನ್ನೂ ಬಾನೆಟ್ ಮೇಲೆ ಸಾಲಾಗಿ ಜೋಡಿಸಿ ತೋರಿಸಿದ. "ಫೋಟೋ ತಗೊಳ್ಳಿ ಸರ್, ನಂಬಿಕೆ ಇರ್ಲಿ" ಅಂದ. ತಗೊಂಡೆ. ಆ ಫೋಟೋ ಈಗಲೂ ಫೋನ್‌ನಲ್ಲಿದೆ. ಪಂಪ್ ಥಳಥಳ ಹೊಳೆಯುತ್ತಿದೆ.

ಕೆಲಸ ಚೊಕ್ಕವಾಗಿಯೇ ಶುರುವಾಯಿತು, ಸುಳ್ಳು ಯಾಕೆ ಹೇಳಲಿ. ಬಲಗಡೆ ಮುಂದಿನ ಚಕ್ರ ತೆಗೆದ, ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿದ. ಇಂಜಿನ್ ಅಡಿಯ ಆಯಿಲ್ ಸಂಪ್ ಕೆಳಗೆ ಮರದ ಹಲಗೆ ಇಟ್ಟು ಜಾಕ್ ಕೊಟ್ಟು ಇಂಜಿನ್ ಮೌಂಟ್ ಇಳಿಸಿದ. ಪಿನ್ ಎರಡನ್ನೂ ಸರಿಯಾಗಿಯೇ ಹಾಕಿದ. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಹಳೇ ಬೆಲ್ಟ್ ಹೊರಗೆ ಬಂತು. ಇನ್ನೇನು ಪಂಪ್ ಬಿಚ್ಚಬೇಕು, ಆಗ ತಲೆ ಎತ್ತಿ, "ಸರ್, ಕೂಲೆಂಟ್ ತಂದಿಟ್ಟಿಲ್ವಲ್ಲ. ಐದು ಲೀಟರ್ ಕ್ಯಾನ್ ಒಂದು ತಂದ್ಬಿಡಿ. ಹಾಗೇ ಗ್ಯಾಸ್ಕೆಟ್ ಪೇಸ್ಟ್ ಒಂದು ಟ್ಯೂಬ್" ಅಂದ.

ಹೋದೆ. ಭಾನುವಾರ, ಹತ್ತಿರದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಕುವೆಂಪುನಗರ ಸುತ್ತಿ, ಕೊನೆಗೆ ಅಗ್ರಹಾರದ ಹತ್ತಿರ ಒಂದು ಅಂಗಡಿ ಸಿಕ್ಕಿತು. ವಾಪಸ್ ಬರೋಕೆ ಮುಕ್ಕಾಲು ಗಂಟೆ ಮೇಲಾಯಿತು. ಬಂದು ನೋಡಿದರೆ ಹೊಸ ಬೆಲ್ಟ್ ಕೂತಾಗಿದೆ!

"ಪಂಪ್?"

"ಆಯ್ತು ಸರ್. ಬಿಸಿಲು ಏರೋಕೆ ಮುಂಚೆ ಮುಗಿಸ್ಬಿಡೋಣ ಅಂತ ಹಾಕ್ಬಿಟ್ಟೆ."

ಈಗ ಯೋಚನೆ ಮಾಡಿ. ಪಂಪ್ ಕೂರಿಸುವಾಗ ಸೋರದ ಹಾಗೆ ಹಚ್ಚೋ ಪೇಸ್ಟ್ ತರೋಕೆ ನನ್ನನ್ನು ಕಳಿಸಿದ್ದಾನೆ. ಪೇಸ್ಟ್ ಬರೋ ಮೊದಲೇ ಪಂಪ್ ಕೂತಿದೆ. ಹಾಗಂತ ಕೇಳಿದೆ ಕೂಡ. "ಬ್ಯಾಗಲ್ಲೇ ಒಂದು ಹಳೇ ಟ್ಯೂಬ್ ಸಿಕ್ತು ಸರ್" ಅಂದ. ಸರಿ ಅಂದೆ. ಹೌದು, "ಸರಿ" ಅಂದೆ!

ಇನ್ನೂ ಇದೆ. ಪಂಪ್ ಬಿಚ್ಚಿದರೆ ಕೂಲೆಂಟ್ ದಬದಬ ಸುರಿಯಬೇಕು ಅಲ್ವಾ? ನಮ್ಮ ಅಂಗಳ ಒಣಗಿತ್ತು. ಒಂದು ಹನಿ ಇಲ್ಲ. ನಮ್ಮ ಮನೆಯ ಟಬ್ಬು, ಬಕೆಟ್ಟು ಯಾವುದೂ ಒದ್ದೆ ಇಲ್ಲ. ತಂದ ಐದು ಲೀಟರ್ ಕ್ಯಾನ್‌ನಲ್ಲಿ ಅರ್ಧ ಲೀಟರ್ ಕೂಡ ಇಳಿಯಲಿಲ್ಲ. "ಹಳೇದನ್ನೇ ಹಿಡ್ಕೊಂಡು ವಾಪಸ್ ಹಾಕ್ದೆ ಸರ್, ಚೆನ್ನಾಗಿತ್ತು, ಸುಮ್ನೆ ಯಾಕೆ ವೇಸ್ಟ್" ಅಂದ. ಯಾವುದರಲ್ಲಿ ಹಿಡಿದೆ ಅಂತ ಕೇಳಲಿಲ್ಲ ನೋಡಿ. ಕೂಲೆಂಟ್ ಪೈಪ್‌ಗಳಲ್ಲಿ ಸಿಕ್ಕಿಕೊಳ್ಳೋ ಏರ್ ತೆಗೆಯಲಿಲ್ಲ, ಅದಕ್ಕೆ ಹೀಟರ್ ಹಾಕಿ ಇಂಜಿನ್ ಬಿಸಿ ಮಾಡಲಿಲ್ಲ. ಅದನ್ನೂ ಕೇಳಲಿಲ್ಲ. ಉಳಿದ ಕ್ಯಾನ್ ನೋಡಿ ದುಡ್ಡು ಉಳಿಯಿತು ಅಂತ ಖುಷಿಪಟ್ಟೆ. ಡಿಪ್ಲೊಮಾ ಓದಿದವನು!

ಹಳೇ ಪಾರ್ಟ್ಸ್ ಪೇಪರ್‌ನಲ್ಲಿ ಸುತ್ತಿ ಕೈಗೆ ಕೊಟ್ಟ. ಬೆಲ್ಟು, ಟೆನ್ಷನರು, ಎಣ್ಣೆ ಮೆತ್ತಿದ ಒಂದು ಪಂಪು. ಆ ಪಂಪನ್ನು ನಾನು ಮಾವನವರಿಗೆ ತೋರಿಸಿ, "ನೋಡಿ, ಎಷ್ಟು ಹಾಳಾಗಿತ್ತು, ಸರಿಯಾದ ಟೈಮಿಗೆ ಹಾಕಿಸಿದೆ" ಅಂತ ಅರ್ಧ ಗಂಟೆ ಪಾಠ ಮಾಡಿದೆ. ಅವರು ಪಾಪ ತಲೆ ಆಡಿಸಿದರು.

ಹೋಗುವಾಗ, "ಸರ್, ಎರಡು ಮಾತು ಹೇಳ್ತೀರಾ?" ಅಂತ ಫೋನ್ ಹಿಡಿದ. ಹೇಳಿದೆ. ನಗುನಗುತ್ತಾ ಹೇಳಿದೆ. ಆ ವಿಡಿಯೋ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡು ತಿಂಗಳು ಏನೂ ಇಲ್ಲ. ಆಮೇಲೆ ಕೂಲೆಂಟ್ ಇಳಿಯೋಕೆ ಶುರುವಾಯಿತು. ವಾರಕ್ಕೆ ಎರಡು ಬೆರಳು. ಫೋನ್ ಮಾಡಿದೆ. "ಏರ್ ಸರ್, ಸೆಟ್ಲ್ ಆಗುತ್ತೆ. ಕ್ಯಾನ್ ಇದೆಯಲ್ಲ, ಟಾಪ್ ಅಪ್ ಮಾಡಿ." ಎರಡು ತಿಂಗಳಾದ ಮೇಲೆ ಎಂಥಾ ಏರು? ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಲಗಡೆಯಿಂದ ಒಂದು ಕುಂಯ್‌ಗುಟ್ಟುವ ಸದ್ದು. ಮತ್ತೆ ಫೋನ್ ಮಾಡಿದೆ. "ಹೊಸ ಬೆಲ್ಟ್ ಸರ್, ಸ್ವಲ್ಪ ಸೌಂಡ್ ಇರುತ್ತೆ." ಮೂರನೇ ಸಲ ಎತ್ತಲೇ ಇಲ್ಲ.

ಮುಂದಿನ ವಾರ ಪುತ್ತೂರಿಗೆ ಹೊರಡೋದಿತ್ತು. ಹೆಂಡತಿಯ ತವರಲ್ಲಿ ಪೂಜೆ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯಬೇಕು, ಗಾಡಿ ತುಂಬಾ ಮಕ್ಕಳು. ಯಾಕೋ ಮನಸ್ಸು ಒಪ್ಪಲಿಲ್ಲ. ಬನ್ನಿಮಂಟಪದ ಕಡೆ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದಾರೆ, ಅವರ ಹತ್ತಿರ ತಗೊಂಡು ಹೋದೆ. ಕವರ್ ಬಿಚ್ಚಿಸಿದರು. ಒಳಗೆ ಟಾರ್ಚ್ ಬಿಟ್ಟರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಪಂಪ್ ಯಾವಾಗ ಹಾಕ್ಸಿದ್ದು ಅಂದ್ರಿ?"

"ಎರಡೂವರೆ ತಿಂಗಳಾಯ್ತು."

"ಯಾವ ಪಂಪು?"

ಬಗ್ಗಿ ನೋಡಿದೆ. ಕಪ್ಪಗಾದ, ಹಳೇ ಪಂಪು. ಕೆಳಗಿನ ತೂತಿನಿಂದ ಕೂಲೆಂಟ್ ಸೋರಿ ಸೋರಿ ಒಣಗಿ, ಉಪ್ಪಿನ ಹಾಗೆ ಪದರ ಕಟ್ಟಿದೆ. ಹೊರಗೆ ತೆಗೆದರೆ ಎರಕದ ಮೇಲೆ 13 ಅಂತ ಅಚ್ಚು. ಗಾಡಿಯ ಜೊತೆ ಹುಟ್ಟಿದ ಪಂಪು ಅದು. ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಲಟಲಟ ಅನ್ನುತ್ತದೆ. ಬೆಲ್ಟು, ಟೆನ್ಷನರು ಮಾತ್ರ ಹೊಸದು. ಆ ಹೊಸ ಬೆಲ್ಟಿನ ಅಂಚೆಲ್ಲ ಕೂಲೆಂಟ್‌ನಲ್ಲಿ ನೆಂದಿದೆ.

ನನಗೆ ಆಗಲೂ ನಂಬಿಕೆ ಬರಲಿಲ್ಲ ಅಂದರೆ ನೀವು ನಗುತ್ತೀರಿ. "ಇಲ್ಲ ಮೇಸ್ತ್ರಿ, ಹಳೇ ಪಂಪ್ ನನ್ನ ಮನೇಲೇ ಇದೆ" ಅಂದೆ. ಆಟೋದಲ್ಲಿ ಮನೆಗೆ ಹೋಗಿ ಆ ಪೇಪರ್ ಪೊಟ್ಟಣ ತಂದೆ. ಅವರು ಎರಡನ್ನೂ ಬೆಂಚ್ ಮೇಲೆ ಅಕ್ಕಪಕ್ಕ ಇಟ್ಟರು. ಆಕಾರವೇ ಬೇರೆ. ಬೋಲ್ಟಿನ ತೂತುಗಳು ಎಲ್ಲೂ ತಾಳೆ ಇಲ್ಲ. ಬೆಲ್ಟ್ ಓಡಬೇಕಾದ ಪುಲ್ಲಿಯೇ ಇಲ್ಲ, ಆ ಜಾಗದಲ್ಲಿ ತೂತಿರುವ ಒಂದು ಚಪ್ಪಟೆ ಬಿಲ್ಲೆ. ಪಕ್ಕದಲ್ಲಿದ್ದ ಹುಡುಗನಿಗೆ ನಗು ತಡೆಯಲಾಗಲಿಲ್ಲ.

"ಇದು ಆಮ್ನಿದು ಸ್ವಾಮಿ. ಫ್ಯಾನ್ ಬೆಲ್ಟಲ್ಲಿ ಓಡೋ ಪಂಪು. ನಿಮ್ಮ ಗಾಡಿಗೂ ಇದಕ್ಕೂ ಏನು ಸಂಬಂಧ?"

ಆ ಬೆಂಚ್ ಮುಂದೆ ನಿಂತಿದ್ದೆನಲ್ಲ, ಆ ಎರಡು ನಿಮಿಷ ಯಾರಿಗೂ ಬೇಡ. ಆಮ್ನಿ ಪಂಪು! ಎರಡೂವರೆ ತಿಂಗಳು ಆಮ್ನಿ ಪಂಪನ್ನು ಪೇಪರ್‌ನಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ! ಅವನು ಬರುವಾಗಲೇ ಬ್ಯಾಗಿನಲ್ಲಿ ತಂದಿದ್ದ. ಅಂದರೆ ಇದು ಆ ಕ್ಷಣದ ಸೋಮಾರಿತನ ಅಲ್ಲ. ಮನೆಯಿಂದ ಹೊರಡುವಾಗಲೇ ಲೆಕ್ಕ ಹಾಕಿಕೊಂಡು ಬಂದದ್ದು. ಪಂಪ್ ಬದಲಾಯಿಸುವುದೇ ಈ ಕೆಲಸದಲ್ಲಿ ರೇಜಿಗೆ. ಕೂಲೆಂಟ್ ಇಳಿಸಬೇಕು, ಹಳೇ ಗ್ಯಾಸ್ಕೆಟ್ ಕೆರೆಯಬೇಕು, ಏರ್ ತೆಗೆಯಬೇಕು. ಅದನ್ನು ಬಿಟ್ಟರೆ ಅವನಿಗೆ ಒಂದೂವರೆ ಗಂಟೆ ಉಳಿತಾಯ, ಜೊತೆಗೆ ಮಾರೋಕೆ ಒಂದು ಹೊಸ ಪಂಪು.

ಮೇಸ್ತ್ರಿ ಫೋನ್‌ನಿಂದ ಅವನಿಗೆ ಕರೆ ಮಾಡಿದೆ. ಹೊಸ ನಂಬರ್ ಅಂತ ಎತ್ತಿದ. ಉತ್ತರಗಳು ಕೇಳಿ.

ಮೊದಲು, "ಸರ್, ನಾನು ಹೊಸದೇ ಹಾಕಿದ್ದೆ. ಈಗ ಬಿಚ್ಚಿದವರು ಬದಲಾಯಿಸಿರ್ತಾರೆ ನೋಡಿ." ಮೇಸ್ತ್ರಿ ಪಕ್ಕದಲ್ಲೇ ಇದ್ದಾರೆ, ಸ್ಪೀಕರ್ ಆನ್ ಇದೆ! 2013ರ ಸೋರುವ ಪಂಪನ್ನು ಅವರು ಎಲ್ಲಿಂದ ತರಬೇಕು?

ಹಾಗಂದರೆ, "ಓ ಡಸ್ಟರಾ? ನಿಮ್ಮದು ಕಂಪನಿ ಪಂಪ್ ಸರ್, ಗಟ್ಟಿ ಇತ್ತು. ಅದಕ್ಕೇ ಬಿಟ್ಟೆ. ಒಳ್ಳೇದಕ್ಕೇ ಮಾಡಿದ್ದು."

ಹಾಗಾದರೆ ಹೊಸ ಪಂಪ್ ಎಲ್ಲಿ? ದುಡ್ಡು ಯಾಕೆ ತಗೊಂಡೆ? ಆಮ್ನಿ ಪಂಪ್ ಯಾಕೆ ಕೊಟ್ಟೆ?

"ಅದು ಮಿಸ್ಟೇಕಲ್ಲಿ ಬಂದಿರುತ್ತೆ ಸರ್. ಡೀಲರ್ ಹತ್ರ ಹೋಗಿದ್ರೆ 21 ಸಾವಿರ ಕೊಡ್ತಿದ್ರಿ, ನಾನು ಎಷ್ಟಕ್ಕೆ ಮಾಡಿಕೊಟ್ಟೆ ಹೇಳಿ."

ಉಪಕಾರ ಬೇರೆ! ಕಟ್ ಮಾಡಿದ. ರಾತ್ರಿ ನಾನು ಉದ್ದಕ್ಕೆ ಒಂದು ಮೆಸೇಜ್ ಹಾಕಿದೆ. ಪೊಲೀಸು, ಕನ್ಸ್ಯೂಮರ್ ಕೋರ್ಟು ಎಲ್ಲಾ ಬರೆದೆ. ಅದಕ್ಕೆ ಅವನು ಒಂದಕ್ಷರ ಬರೆಯಲಿಲ್ಲ. ನನ್ನದೇ ವಿಡಿಯೋ ವಾಪಸ್ ಕಳಿಸಿದ. ಅದರಲ್ಲಿ ನಾನು ಹಲ್ಲು ಕಿರಿದುಕೊಂಡು, "ನನ್ನ ಕಣ್ಣೆದುರೇ ಬೆಲ್ಟು, ಪಂಪು ಎರಡೂ ಹಾಕಿದ್ದಾರೆ, ತುಂಬಾ ನಂಬಿಕಸ್ಥ ಹುಡುಗ" ಅಂತ ಹೇಳುತ್ತಿದ್ದೇನೆ. ಕಣ್ಣೆದುರೇ ಅಂತೆ! ನಾನು ಆಗ ಅಗ್ರಹಾರದಲ್ಲಿ ಕೂಲೆಂಟ್ ಹುಡುಕುತ್ತಿದ್ದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳೋಣ ಅಂದರೆ ನನ್ನ ಹತ್ತಿರ ಬಿಲ್ಲೇ ಇಲ್ಲ. ಒಂದು ಚೀಟಿಯಲ್ಲಿ ಪೆನ್ನಿನಲ್ಲಿ ಬರೆದ 13,500, ಯುಪಿಐ ಮೆಸೇಜ್, ಒಂದು ಫೋಟೋ, ಇಷ್ಟೇ. ಆದರೂ ಬಿಡಲ್ಲ, ದೂರು ಕೊಡುತ್ತೇನೆ.

ಮೇಸ್ತ್ರಿ ಹತ್ತಿರ ಮತ್ತೆ ಪೂರ್ತಿ ಕಿಟ್ ಹಾಕಿಸಿದೆ. ನೆಂದ ಬೆಲ್ಟನ್ನು ಮತ್ತೆ ಹಾಕಲ್ಲ ಅಂದರು. 16,800. ಪಂಪಿನ ಬೇರಿಂಗ್ ಘಾಟಿಯಲ್ಲಿ ಕಚ್ಚಿಕೊಂಡಿದ್ದರೆ ಬೆಲ್ಟ್ ಹೋಗುತ್ತಿತ್ತು, ಇಂಜಿನ್ ಅಲ್ಲೇ ಮುಗಿಯುತ್ತಿತ್ತು ಅಂದರು. ಒಟ್ಟು ಮೂವತ್ತು ಸಾವಿರ ದಾಟಿತು, ಕೂಲೆಂಟ್ ಬಿಟ್ಟು. ಡೀಲರ್ ಹತ್ತಿರವೇ ಹೋಗಬಹುದಿತ್ತು, ಈ ಮಾತನ್ನು ಹೆಂಡತಿ ದಿನಕ್ಕೆರಡು ಸಲ ಹೇಳುತ್ತಿದ್ದಾಳೆ.

ಮನೆಯಲ್ಲೇ ಮಾಡಿಸೋರು ಮಾಡಿಸಿ. ಆದರೆ ಕೂಲೆಂಟು, ಪೇಸ್ಟು, ಏನು ಬೇಕೋ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಪಂಪ್ ಬಿಚ್ಚೋ ಹೊತ್ತಿಗೆ ಟೀ ತರೋಕೂ ಏಳಬೇಡಿ. ಹೊಸ ಪಂಪಿನ ಮೇಲೆ ಮಾರ್ಕರ್‌ನಲ್ಲಿ ನಿಮ್ಮ ಸಹಿ ಹಾಕಿ, ಕೂತ ಮೇಲೆ ಫೋಟೋ ತೆಗೆಯಿರಿ. ಅಂಗಳ ಒದ್ದೆ ಆಗದಿದ್ದರೆ ದುಡ್ಡು ಕೊಡಬೇಡಿ. ಬಿಲ್ ಇಲ್ಲದೆ ಅಂತೂ ಕೊಡಲೇಬೇಡಿ.

ಅವನ ನಂಬರ್ ನಾನು ಬ್ಲಾಕ್ ಮಾಡಿಲ್ಲ, ಬೇಕಂತಲೇ. ಇವತ್ತು ಬೆಳಿಗ್ಗೆ ನೋಡಿದರೆ ಸ್ಟೇಟಸ್‌ನಲ್ಲಿ ಮತ್ತೆ ಅದೇ ವಿಡಿಯೋ ಹಾಕಿದ್ದಾನೆ. ಬಿಳಿ ಡಸ್ಟರ್, ಹಿಂದೆ ಒಂದು ಪಪ್ಪಾಯಿ ಗಿಡ, ಚೌಕಳಿ ಷರ್ಟ್ ಹಾಕಿಕೊಂಡು ನಗುತ್ತಿರುವ ಒಬ್ಬ ಕನ್ನಡಕದ ಮನುಷ್ಯ. ನಿಮ್ಮ ಗ್ರೂಪ್‌ಗೆ ಬಂದರೆ ಅವನ ಮಾತು ನಂಬಬೇಡಿ. ಅದು ನಾನೇ.