ಸೀಕ್ವೆನ್ಸಿಂಗ್ ಕೆಲಸಕ್ಕೆ ಜನ ಹುಡುಕಿಕೊಡುವ ಏಜೆನ್ಸಿಗಳು: ರೆಸ್ಯೂಮೆ ರಾಶಿ, ಪರೀಕ್ಷೆ ಪೊಳ್ಳು

ಡಿಎನ್‌ಎ ಸೀಕ್ವೆನ್ಸಿಂಗ್ ಕಂಪನಿಗಳಿಗೆ ವಿಜ್ಞಾನಿಗಳನ್ನೂ ಪ್ರೋಗ್ರಾಮರ್‌ಗಳನ್ನೂ ಒದಗಿಸುವ ನೇಮಕಾತಿ ಏಜೆನ್ಸಿಗಳು ರೆಸ್ಯೂಮೆ ಬೇಗ ತರುತ್ತವೆ, ಸಂದರ್ಶನದ ವೇಳೆ ಹೊಂದಿಸುವ ತಲೆನೋವನ್ನೂ ತಪ್ಪಿಸುತ್ತವೆ. ಎಡವುವುದು ಜರಡಿ ಹಿಡಿಯುವಾಗ.

'ಬಯೋಇನ್ಫರ್ಮ್ಯಾಟಿಕ್ಸ್' (ಜೈವಿಕ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ) ಎಂಬ ಒಂದೇ ಪದ ಹಾಕಿ ಹುಡುಕಿದರೆ ಮೂರು ಕಸುಬಿನವರು ಒಟ್ಟಿಗೆ ಬಂದು ಬೀಳುತ್ತಾರೆ. ಡಿಎನ್‌ಎ ಎಳೆಯನ್ನು ಸೂಕ್ಷ್ಮ ರಂಧ್ರದಲ್ಲಿ ಹಾಯಿಸಿ ಓದುವ ನ್ಯಾನೋಪೋರ್ ಯಂತ್ರದ ವಿದ್ಯುತ್ ಸಂಕೇತವನ್ನು ಡಿಎನ್‌ಎಯ ಎ, ಸಿ, ಜಿ, ಟಿ ಅಕ್ಷರಗಳಾಗಿಸುವ 'ಬೇಸ್‌ಕಾಲರ್' ಪ್ರೋಗ್ರಾಂ ಬರೆಯುವವರಿಗೆ ನ್ಯೂರಲ್ ನೆಟ್‌ವರ್ಕ್, ಜಿಪಿಯು ಕರಗತವಾಗಿರಬೇಕು. ನೆಕ್ಸ್ಟ್‌ಫ್ಲೋ, ಸ್ನೇಕ್‌ಮೇಕ್ ಎಂಬ ಸಾಫ್ಟ್‌ವೇರ್‌ಗಳಲ್ಲಿ ಪೈಪ್‌ಲೈನ್ (ವಿಶ್ಲೇಷಣೆಯ ಹಂತಗಳ ಸರಪಳಿ) ಕಟ್ಟುವವರು ಬೇರೆ. ಕಂಡ ವೇರಿಯಂಟ್ (ಡಿಎನ್‌ಎ ಅಕ್ಷರಗಳಲ್ಲಿನ ವ್ಯತ್ಯಾಸ) ನಿಜವೋ ಯಂತ್ರದ ತಪ್ಪೋ ಎಂದು ಅಳೆಯುವವರು ಇನ್ನೂ ಬೇರೆ.

ಪ್ರೋಗ್ರಾಮರ್‌ಗಳಿಗೆ ಕೊಡುವ ಪರೀಕ್ಷೆಯೋ, ಅದೇ ಹಳೆಯ ಬೈನರಿ ಟ್ರೀ ಎಂಬ ಸಾಮಾನ್ಯ ಕೋಡಿಂಗ್ ಪ್ರಶ್ನೆ. ಅದರ ಬದಲು ಒಂದು ಬೆಡ್ ಫೈಲು (ಜೀನೋಮಿನ ಭಾಗಗಳ ಪಟ್ಟಿ), ಒಂದು ವಿಸಿಎಫ್ ಫೈಲು (ವೇರಿಯಂಟ್‌ಗಳ ಪಟ್ಟಿ) ಕೊಟ್ಟು, ಎರಡಕ್ಕೂ ಸಾಮಾನ್ಯವಾದ ಸ್ಥಾನಗಳನ್ನು ಹೆಕ್ಕಲು ಹೇಳಿ. ಬೆಡ್‌ನಲ್ಲಿ ಎಣಿಕೆ 0ಯಿಂದ, ವಿಸಿಎಫ್‌ನಲ್ಲಿ 1ರಿಂದ. ವಿಸಿಎಫ್‌ನ 100ನೇ ಸ್ಥಾನ ಬೆಡ್‌ನಲ್ಲಿ '99 100' ಆಗುತ್ತದೆ. ಜೊತೆಗೆ ಒಂದರಲ್ಲಿ ಕ್ರೋಮೋಸೋಮ್ ಹೆಸರನ್ನು 'ಸಿಎಚ್‌ಆರ್1' ಎಂದೂ ಇನ್ನೊಂದರಲ್ಲಿ ಬರೀ '1' ಎಂದೂ ಇಡಿ. ಎಷ್ಟೋ ಸಲ ಪ್ರೋಗ್ರಾಂ ಎರರ್ ಕೊಡದೆ ಖಾಲಿ ಫಲಿತಾಂಶ ಕೊಟ್ಟು ಸುಮ್ಮನಾಗುತ್ತದೆ. 'ವೇರಿಯಂಟ್ ಸಿಗಲಿಲ್ಲ' ಎಂದು ಬರೆದುಕೊಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಅರ್ಧ ಗಂಟೆ ಸಾಕು.

ವಿಜ್ಞಾನಿಗಳಿಗೆ ಏಜೆನ್ಸಿಯವರು ಕೇಳುವುದು 'ಕ್ಯೂ30 ಅಂದರೇನು?' ಸಾವಿರ ಅಕ್ಷರಕ್ಕೆ ಒಂದು ತಪ್ಪು ಎಂದು ಯಾರಾದರೂ ಬಾಯಿಪಾಠ ಒಪ್ಪಿಸಬಲ್ಲರು. ಇಲ್ಯುಮಿನಾ ಸೀಕ್ವೆನ್ಸಿಂಗ್ ಯಂತ್ರದ ರೀಡ್‌ನ (ಒಂದು ತುಂಡಿನಿಂದ ಓದಿದ ಅಕ್ಷರಗಳ ಸಾಲಿನ) ಕೊನೆಗೆ ಬಂದಂತೆ ಗುಣಮಟ್ಟ ಯಾಕೆ ಇಳಿಯುತ್ತದೆ ಎಂದು ಕೇಳಬೇಕು. ಕ್ಲಸ್ಟರಿನ (ಒಂದೇ ತುಂಡಿನ ಪ್ರತಿಗಳ ಗುಂಪಿನ) ಕೆಲವು ಎಳೆಗಳು, ಒಂದೊಂದೇ ಅಕ್ಷರ ಓದುವ ಪ್ರತಿ ಸೈಕಲ್‌ನಲ್ಲೂ ಒಂದು ಹೆಜ್ಜೆ ಹಿಂದುಳಿದೋ ಮುಂದೋಡಿಯೋ ಬೆಳಕಿನ ಸಂಕೇತ ಕಲಸಿಹೋಗುತ್ತದೆ ಎಂದು ವಿವರಿಸಿದವರು ಯಂತ್ರವನ್ನು ಬಲ್ಲವರು. ಲ್ಯಾಬ್ ಕೆಲಸಕ್ಕಾದರೆ ಡಿಎನ್‌ಎ ತುಂಡುಗಳ ಉದ್ದ ಅಳೆಯುವ ಬಯೋಅನಲೈಜರ್ ಯಂತ್ರದ ಗ್ರಾಫಿನಲ್ಲಿ 125 ಅಕ್ಷರ ಉದ್ದದ ಆಸುಪಾಸಿನ ಚೂಪು ಶಿಖರ ತೋರಿಸಿ. ಅಡಾಪ್ಟರ್ ಡೈಮರ್ (ಮಾದರಿಯ ಡಿಎನ್‌ಎ ಇಲ್ಲದೆ, ತುದಿಗೆ ಅಂಟಿಸುವ ತುಂಡುಗಳೇ ಒಂದಕ್ಕೊಂದು ಅಂಟಿಕೊಂಡದ್ದು) ಎಂದು ಗುರುತಿಸಿದರೆ ಅರ್ಧ ಅಂಕ. ತುಂಡು ಚಿಕ್ಕದಾದಷ್ಟೂ ಫ್ಲೋ ಸೆಲ್‌ನಲ್ಲಿ (ಓದುವಿಕೆ ನಡೆಯುವ ಗಾಜಿನ ಹಲಗೆಯಲ್ಲಿ) ಸಲೀಸಾಗಿ ಕ್ಲಸ್ಟರ್ ಕಟ್ಟಿ ರೀಡ್‌ಗಳನ್ನು ನುಂಗುತ್ತದೆ, ಆದ್ದರಿಂದ ಮತ್ತೊಮ್ಮೆ ಬೀಡ್ ಕ್ಲೀನಪ್ (ಕಾಂತೀಯ ಮಣಿಗಳಿಂದ ಚಿಕ್ಕ ತುಂಡುಗಳನ್ನು ಬೇರ್ಪಡಿಸುವುದು) ಮಾಡಬೇಕು ಎಂದರೆ ಪೂರ್ತಿ.

ಈ ಪ್ರಶ್ನೆಗಳನ್ನು ಬಳಸಲು ಏಜೆನ್ಸಿ ಒಪ್ಪಿದರೆ ಪೂರ್ಣ ಸೇವೆ ತೆಗೆದುಕೊಳ್ಳಬಹುದು. ಒಪ್ಪದಿದ್ದರೆ ರೆಸ್ಯೂಮೆಗಷ್ಟೇ ಕರಾರು ಮಾಡಿಕೊಂಡು ಪರೀಕ್ಷೆಯನ್ನು ನೀವೇ ನಡೆಸಿ.